ಮಿಷನ್ ಬರೆದ ಸಾವು

ಚೈತ್ರ ಹಂಡೆ ಒಲೆಗೆ ಸೌದೆ ತಳ್ಳಿದಳು. ಸೌದೆ ಹಸಿ. ಹೊಗೆ ಬಂತು, ಉರಿ ಬರಲಿಲ್ಲ. ಮಂಡಿಯೂರಿ ಊದಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮತ್ತೆ ಊದಿದಳು. ಮನೆ ಮುಂದೆ ಜನ ಕೂತಿದ್ದರು. ಬಚ್ಚಲ ಪಕ್ಕದಲ್ಲಿ ಗಳ ನೆಟ್ಟು ಎರಡು ಹಳೆ ಸೀರೆ ಇಳಿಬಿಟ್ಟು ಮರೆ ಮಾಡಿದ್ದರು. ನೀರು ಕಾದ ಮೇಲೆ ಅವಳ ಅವ್ವ ಮುನಿವೆಂಕಟಮ್ಮ ಕೈ ಅದ್ದಿ ನೋಡಿದಳು. ಒಂದು ಚೊಂಬು ತಣ್ಣೀರು ಬೆರೆಸಿದಳು. ಮತ್ತೆ ಅದ್ದಿ ನೋಡಿದಳು. ಬದುಕಿರುವವರಿಗೆ ಹದ ಮಾಡುವ ಹಾಗೇ ಹದ ಮಾಡಿದಳು.

ನೀರು ಆದಿಲಕ್ಷ್ಮಮ್ಮನ ಹೆಣಕ್ಕೆ. ಮುನಿವೆಂಕಟಮ್ಮನ ಅಕ್ಕ, ಚೈತ್ರಳಿಗೆ ದೊಡ್ಡಮ್ಮ. ಗಂಡ ಸತ್ತ ಮೇಲೆ ತಂಗಿ ಮನೆಯಲ್ಲೇ ಇದ್ದಳು. ಬೆಳಗಿನ ಪಾಳಿಗೆಂದು ಹೈವೇ ಪಕ್ಕದ ಗೋಡೌನಿಗೆ ಕಸ ಗುಡಿಸಲು ಹೋದವಳು, ಬಿಸಿಲು ಏರುವಷ್ಟರಲ್ಲಿ ಗೂಡ್ಸ್ ಆಟೋದ ಹಿಂದೆ ಮಲಗಿ ವಾಪಸ್ ಬಂದಿದ್ದಳು. ತಂದ ಸೂಪರ್‌ವೈಸರ್ ಎದೆನೋವು ಅಂದ. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟಳು ಅಂದ. ಬಿಸಿಲು ಜಾಸ್ತಿ, ಇಟ್ಟುಕೊಂಡು ಕೂರಬೇಡಿ, ಇವತ್ತೇ ಮಣ್ಣು ಮಾಡಿ ಅಂದ. ಜನ ಹೆಣ ಇಳಿಸಿಕೊಂಡ ಮೇಲೆ ಆಟೋ ತಿರುಗಿಸಿಕೊಂಡು ಹೋದ. ಗಾಡಿಯಿಂದ ಕೆಳಗೆ ಅವನು ಇಳಿಯಲೇ ಇಲ್ಲ.

ಮರೆಯೊಳಗೆ ಮೂವರು ಹೆಂಗಸರು. ಅವ್ವ, ಚೈತ್ರ, ಮೂರನೆಯವಳು ಪಕ್ಕದ ಮನೆಯ ಮುತ್ತಮ್ಮ. ಮುತ್ತಮ್ಮನೂ ಅದೇ ಗೋಡೌನಿನಲ್ಲಿ ಪೊರಕೆ ಹಿಡಿಯುವವಳು. ರವಿಕೆ ಬಿಚ್ಚಿದರು. ಎದೆಗೂಡು ಒಂದು ಕಡೆ ಒಳಕ್ಕೆ ಹೋಗಿತ್ತು. ತಿರುಗಿಸಿ ಬೆನ್ನಿಗೆ ನೀರು ಹುಯ್ದರು. ಬೆನ್ನಿನ ಮೇಲೆ ಕತ್ತಿನಿಂದ ಸೊಂಟದವರೆಗೆ ಕಪ್ಪು ಪಟ್ಟಿ. ಪಟ್ಟಿಯ ನಡುವೆ ಸಾಲಾಗಿ ತೂತುಗಳ ಅಚ್ಚು. ಒಂದರ ಕೆಳಗೊಂದು, ಒಂದೇ ಅಳತೆ.

ಮುತ್ತಮ್ಮನ ಕೈಯಲ್ಲಿ ಚೊಂಬು ನಿಂತಿತು. ಆ ತೂತುಗಳ ಕಂಬವನ್ನು ಅವಳು ದಿನವೂ ಬಟ್ಟೆ ತಗೊಂಡು ಒರೆಸುತ್ತಿದ್ದಳು. ಸರಕು ಪೇರಿಸುವ ರ‍್ಯಾಕಿನ ಕಂಬ ಅದು.

ಮುತ್ತಮ್ಮ ಆಮೇಲೆ ಹೇಳಿದಳು. ಹೇಳುವಾಗ ಮರೆಯ ಆಚೆ ಯಾರಿದ್ದಾರೆ ಅಂತ ಎರಡು ಸಲ ಇಣುಕಿ ನೋಡಿದಳು. ಎರಡು ರ‍್ಯಾಕಿನ ಸಂದಿಯಲ್ಲಿ ಆದಿಲಕ್ಷ್ಮಮ್ಮ ಬಗ್ಗಿ ಗುಡಿಸುತ್ತಿದ್ದಳಂತೆ. ಸರಕು ಎತ್ತುವ ಫೋರ್ಕ್‌ಲಿಫ್ಟ್ ಬಂಡಿ ಹಿಂದಕ್ಕೆ ಬಂತಂತೆ. ಹಿಂದಕ್ಕೆ ಬರುವಾಗ ಅದು ಕೂಗಬೇಕು. ಆ ಕೂಗು ಕೆಟ್ಟು ಎಷ್ಟೋ ಕಾಲವಾಗಿತ್ತು, ಹೇಳಿದರೂ ಯಾರೂ ಸರಿ ಮಾಡಿಸಿರಲಿಲ್ಲ. ಓಡಿಸುವವನು ರಾತ್ರಿ ಪಾಳಿ ಮುಗಿಸಿ ಮತ್ತೆ ಹಗಲು ಪಾಳಿಗೆ ಕೂತಿದ್ದ. ಆದಿಲಕ್ಷ್ಮಮ್ಮ ಕಂಬಕ್ಕೂ ಬಂಡಿಗೂ ನಡುವೆ ಸಿಕ್ಕಿಕೊಂಡಳು. ಕೂಗಲಿಲ್ಲ. ಕೂಗುವುದಕ್ಕೆ ಉಸಿರೇ ಇರಲಿಲ್ಲ.

"ಠಾಣೆಗೆ ಹೋಗಾನ," ಅಂದಳು ಚೈತ್ರ.

ಅವ್ವ ಬೆನ್ನು ಉಜ್ಜುತ್ತಲೇ ಇದ್ದಳು. ಉಜ್ಜಿದರೆ ಹೋಗುತ್ತೇನೋ ಅನ್ನುವ ಹಾಗೆ.

"ನಾನು ಹೇಳ್ದೆ ಅಂತ ಎಲ್ಲೂ ಅನ್ಬ್ಯಾಡ ಕಣವ್ವ," ಅಂದಳು ಮುತ್ತಮ್ಮ. "ನಾಳಿಕ್ಕೆ ನಾನು ಅದೇ ಗೇಟಲ್ಲಿ ಒಳೀಕೆ ಹೋಗ್ಬೇಕು."

ಆಗ ಚೈತ್ರಳ ಸೊಂಟದಲ್ಲಿ ಆಫೀಸಿನ ಫೋನು ನಡುಗಿತು.

ಕೈ ಒರೆಸಿಕೊಂಡು ಮರೆಯಿಂದ ಆಚೆ ಬಂದು ನೋಡಿದಳು. ಅಪ್ಪಯ್ಯಣ್ಣನ ಫೇಸ್‌ಬುಕ್ ಪೇಜಿಗೆ ಹೊಸ ಪೋಸ್ಟ್ ರೆಡಿಯಾಗಿತ್ತು. ಅವಳ ಒಪ್ಪಿಗೆಗೆ ಕಾಯುತ್ತಿತ್ತು.

ಚಿತ್ರದಲ್ಲಿ ದೊಡ್ಡಮ್ಮ ಇದ್ದಳು. ಗೋಡೌನಿನ ಗೇಟ್‌ಪಾಸಿನ ಫೋಟೋ ಅದು. ಆದರೆ ಮುಖ ಬೆಳ್ಳಗಾಗಿತ್ತು. ಕೆನ್ನೆಯ ಸುಕ್ಕು ಇರಲಿಲ್ಲ. ನೈಲಾನ್ ಸೀರೆ ಹೋಗಿ ಜರಿ ಅಂಚು ಬಂದಿತ್ತು. ಓಲೆ ಮಾರಿದ ಮೇಲೆ ದೊಡ್ಡಮ್ಮ ಕಿವಿ ತೂತಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಳ್ಳುತ್ತಿದ್ದಳು. ಅಲ್ಲಿ ಜುಮುಕಿ ತೂಗುತ್ತಿತ್ತು. ಕೆಳಗೆ ಬರೆದಿತ್ತು: "ನಮ್ಮ ಭಾಗದ ಹಿರಿಯ ಶ್ರಮಜೀವಿ ಶ್ರೀಮತಿ ಆದಿಲಕ್ಷ್ಮಮ್ಮನವರು ಹೃದಯಾಘಾತದಿಂದ ನಿಧನರಾದ ಸುದ್ದಿ ತಿಳಿದು ಮನಸ್ಸಿಗೆ ತೀವ್ರ ನೋವಾಗಿದೆ. ಭಗವಂತ ಅವರ ಆತ್ಮಕ್ಕೆ ಚಿರಶಾಂತಿ ನೀಡಲಿ. ಸದಾ ನಿಮ್ಮ ಸೇವೆಯಲ್ಲಿ, ನಿಮ್ಮ ಅಪ್ಪಯ್ಯಣ್ಣ." ಪಕ್ಕದಲ್ಲಿ ಕೈ ಮುಗಿದು ನಿಂತ ಅಪ್ಪಯ್ಯಣ್ಣ. ದೊಡ್ಡಮ್ಮನಿಗಿಂತ ದೊಡ್ಡದಾಗಿದ್ದ.

ಗೋಡೌನು ಅಪ್ಪಯ್ಯಣ್ಣನದು. ಹೊಲ ಇದ್ದ ಜಾಗದಲ್ಲಿ ಶೆಡ್ಡು ಎಬ್ಬಿಸಿ ಕಂಪನಿಗೆ ಬಾಡಿಗೆಗೆ ಬಿಟ್ಟವನು ಅವನು. ಬಂಡಿ, ಬಂಡಿ ಓಡಿಸುವವರು, ಗುಡಿಸುವ ಹೆಂಗಸರು, ಇವರನ್ನೆಲ್ಲ ಒದಗಿಸುವ ಕಂಟ್ರಾಕ್ಟೂ ಅವನದೇ. ಈ ಸಲ ಎಲೆಕ್ಷನ್ನಿಗೆ ನಿಲ್ಲುತ್ತಾನೆ ಅಂತ ಊರೆಲ್ಲ ಮಾತಿತ್ತು. ಅದಕ್ಕೇ ಯಾರು ಹುಟ್ಟಿದರೂ, ಯಾರು ಸತ್ತರೂ ಅವನ ಪೇಜಿನಲ್ಲಿ ಬರಬೇಕಿತ್ತು.

ಆ ಪೇಜು ನೋಡಿಕೊಳ್ಳುತ್ತಿದ್ದುದು ಸುನಿಲ್‌ಕುಮಾರನ ಆಫೀಸು. ನೆಲಮಂಗಲದಲ್ಲಿ, ಟೈರ್ ಅಂಗಡಿಯ ಮೇಲೆ. ಲೀಡರುಗಳು, ಲೇಔಟಿನವರು, ಕಲ್ಯಾಣ ಮಂಟಪದವರು, ಎಲ್ಲರ ಪೇಜೂ ಅಲ್ಲಿಂದಲೇ ನಡೆಯುತ್ತಿತ್ತು. ಮೊದಲು ನಾಲ್ಕಾರು ಹುಡುಗರು ಕೂತು ಬರೆಯುತ್ತಿದ್ದರು. ಮಿಷನ್ ಬಂದ ಮೇಲೆ ಹುಡುಗರು ಹೋದರು. ಎಐ ಅಂದರೆ ಆಫೀಸಿನಲ್ಲಿ ಎಲ್ಲರಿಗೂ ಮಿಷನ್ನೇ. ಹೆಸರು, ಫೋಟೋ ಕೊಟ್ಟರೆ ಅದೇ ಬರೆಯುತ್ತಿತ್ತು, ಅದೇ ಚಿತ್ರ ಮಾಡುತ್ತಿತ್ತು, ಅದೇ ಹಾಕುತ್ತಿತ್ತು.

ಒಂದು ದಿನ ಅದು ಹಾಲಿನ ಡೇರಿಯ ಅಧ್ಯಕ್ಷನಿಗೆ ಹುಟ್ಟುಹಬ್ಬದ ಶುಭಾಶಯ ಹಾಕಿತು. ನೂರ್ಕಾಲ ಬಾಳಿ ಅಂದಿತು. ಅಧ್ಯಕ್ಷ ಸತ್ತು ಅವತ್ತು ಅವನ ಮನೆಯಲ್ಲಿ ತಿಥಿ ನಡೆಯುತ್ತಿತ್ತು. ಅವನ ಕಡೆಯವರು ತಿಥಿ ಊಟ ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಟೈರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅಂದಿನಿಂದ ಸುನಿಲ್ ಒಂದು ಕಟ್ಟಳೆ ಮಾಡಿದ. ಮಿಷನ್ ಬರೆದದ್ದನ್ನು ಮನುಷ್ಯರು ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಹೆಬ್ಬೆರಳು ಒತ್ತಬೇಕು. ಹೆಬ್ಬೆರಳು ಇಲ್ಲದೆ ಏನೂ ಆಚೆ ಹೋಗಬಾರದು. "ನಮ್ಮಲ್ಲಿ ಪ್ರತಿಯೊಂದನ್ನೂ ಮನುಷ್ಯರು ನೋಡ್ತಾರೆ" ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಆ ಮನುಷ್ಯರು ಅಂದರೆ ಚೈತ್ರ.

ಅವಳು ಅಲ್ಲಿಗೆ ಕಸ ಗುಡಿಸಲು ಸೇರಿದ್ದಳು. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದರೂ ಕನ್ನಡ ಚೆನ್ನಾಗಿ ಓದುತ್ತಿದ್ದಳು. ಮಾತು ಕಮ್ಮಿ. ಎದುರು ಮಾತು ಇಲ್ಲವೇ ಇಲ್ಲ. ಸುನಿಲನಿಗೆ ಬೇಕಾದದ್ದು ಅಷ್ಟೇ. ಗುಡಿಸಿ, ಒರೆಸಿ, ನೀರಿನ ಕ್ಯಾನು ಎತ್ತಿಟ್ಟ ಮೇಲೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಒತ್ತುವುದು. ಶುಭೋದಯ ಒತ್ತುವುದು. ಸೈಟು ಮಾರಾಟಕ್ಕಿದೆ ಒತ್ತುವುದು. ಭಾವಪೂರ್ಣ ಶ್ರದ್ಧಾಂಜಲಿ ಒತ್ತುವುದು. ಸಂಜೆಗೆ ಹೆಬ್ಬೆರಳ ಬುಡ ನೋಯುತ್ತಿತ್ತು. ಬೇಡ ಅನ್ನುವ ಕೆಂಪು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಯಾಕೆ ಅಂತ ಟೈಪ್ ಮಾಡಬೇಕು. ಕೆಂಪು ಜಾಸ್ತಿಯಾದರೆ ಸುನಿಲ್ ಸ್ಟೂಲಿನ ಹತ್ತಿರ ಬಂದು ನಿಲ್ಲುತ್ತಿದ್ದ. ನೀನೇನು ಎಡಿಟರ್ರಾ ತಾಯಿ, ಒತ್ತು, ಅನ್ನುತ್ತಿದ್ದ.

ಸೇರಿದ ದಿನ ಅವನು ನಿಮ್ಮದು ಯಾವ ಕಡೆ ಅಂತ ಕೇಳಿದ. ಅವಳು ಊರ ಹೆಸರು ಹೇಳಿದಳು. ಊರೊಳಗಾ, ಕಾಲೋನಿನಾ ಅಂದ. ಕಾಲೋನಿ ಅಂದಳು. ಮಾರನೆಯ ದಿನದಿಂದ ಅವಳಿಗೆ ಟೀ ಪೇಪರ್ ಲೋಟದಲ್ಲಿ ಬಂತು. ಸುನಿಲನಿಗೂ, ಕಂಪ್ಯೂಟರಿನ ಮುಂದೆ ಕೂರುವ ರಮ್ಯಳಿಗೂ ಸ್ಟೀಲ್ ಲೋಟ. ಯಾರೂ ಏನೂ ಹೇಳಲಿಲ್ಲ. ಆ ಸ್ಟೀಲ್ ಲೋಟಗಳನ್ನು ತೊಳೆದಿಡುವವಳು ಚೈತ್ರಳೇ.

ಯಾರಾದರೂ ಸತ್ತರೆ ರಮ್ಯ ಹೆಸರು, ಊರು, ಫೋಟೋ ಹಾಕುತ್ತಿದ್ದಳು. ಹೇಗೆ ಸತ್ತರು ಅನ್ನುವುದನ್ನು ಯಾರೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ. ಮಿಷನ್ನಿಗೆ ಖಾಲಿ ಬಿಡುವುದು ಗೊತ್ತಿಲ್ಲ. ಎಲ್ಲರಿಗೂ ಏನು ಬರೆಯುತ್ತಾರೋ ಅದನ್ನೇ ಬರೆಯುತ್ತಿತ್ತು. ಹಾಗಾಗಿ ಆ ಪೇಜಿನಲ್ಲಿ ಸತ್ತವರಿಗೆಲ್ಲ ಹೃದಯಾಘಾತ. ಲಾರಿಗೆ ಸಿಕ್ಕವರಿಗೂ ಹೃದಯಾಘಾತ. ನೇಣು ಹಾಕಿಕೊಂಡವರಿಗೂ ಹೃದಯಾಘಾತ.

ಚೈತ್ರ ಒಲೆಯ ಪಕ್ಕ ನಿಂತು ಕೆಂಪು ಗುಂಡಿ ಒತ್ತಿದಳು. ಯಾಕೆ ಅಂತ ಕೇಳಿತು. ತಪ್ಪು ಅಂತ ಬರೆದಳು.

ಕ್ಷಣದಲ್ಲಿ ಇನ್ನೊಂದು ಬಂತು. ಅಲ್ಪಕಾಲದ ಅನಾರೋಗ್ಯದಿಂದ ನಿಧನರಾದ, ಅಂತ. ಕೆಂಪು ಒತ್ತಿದಳು. ಸುಳ್ಳು ಅಂತ ಬರೆದಳು.

ವಯೋಸಹಜ ಕಾಯಿಲೆಯಿಂದ, ಅಂತ ಬಂತು. ದೊಡ್ಡಮ್ಮನಿಗೆ ತಲೆ ಪೂರ್ತಿ ನರೆತಿರಲಿಲ್ಲ. ಕೆಂಪು ಒತ್ತಿದಳು. ಕಾಯಿಲೆ ಇರಲಿಲ್ಲ ಅಂತ ಬರೆದಳು.

ವಿಧಿಯಾಟಕ್ಕೆ ಬಲಿಯಾಗಿ, ಅಂತ ಬಂತು.

ಮರೆಯೊಳಗಿಂದ ಅವ್ವ ಒಣ ಬಟ್ಟೆ ತಗೊಂಡು ಬಾ ಅಂತ ಕೂಗಿದಳು. ಚೈತ್ರಳಿಗೆ ಸಾಕಾಗಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೀರೆಯ ಅಂಚು ಒದ್ದೆಯಾಗಿ ಕಾಲಿಗೆ ಅಂಟುತ್ತಿತ್ತು. ದೊಡ್ಡಮ್ಮ ಸತ್ತಿದ್ದು ಒಂದೇ ಸಲ. ಇದು ಅವಳನ್ನು ಎಷ್ಟು ಥರ ಸಾಯಿಸುತ್ತದೆ ಅನ್ನಿಸಿತು. ಕೆಂಪು ಒತ್ತಿದಳು. ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದಳು. ಅಪ್ಪಯ್ಯಣ್ಣನ ಗೋಡೌನಲ್ಲಿ ಕಸ ಗುಡಿಸುವಾಗ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬಂದು ಗುದ್ದಿತು. ಹಾರ್ನು ಕೆಟ್ಟಿತ್ತು. ಕಂಬಕ್ಕೆ ಸಿಕ್ಕಿ ಸತ್ತಳು.

ಮಿಷನ್ ಅದನ್ನೂ ಬರೆಯಿತು.

"ಶ್ರೀ ಅಪ್ಪಯ್ಯಣ್ಣನವರ ಗೋಡೌನಿನಲ್ಲಿ ಸ್ವಚ್ಛತಾ ಕಾರ್ಯದಲ್ಲಿ ನಿರತರಾಗಿದ್ದ ವೇಳೆ, ಹಾರ್ನ್ ಕೆಟ್ಟಿದ್ದ ಫೋರ್ಕ್‌ಲಿಫ್ಟ್ ಹಿಂದಕ್ಕೆ ಚಲಿಸಿ ಗುದ್ದಿದ ಪರಿಣಾಮ, ಕಬ್ಬಿಣದ ಕಂಬಕ್ಕೆ ಸಿಲುಕಿ ಶ್ರೀಮತಿ ಆದಿಲಕ್ಷ್ಮಮ್ಮನವರು ದುರ್ಮರಣಕ್ಕೀಡಾದ ಸುದ್ದಿ ತಿಳಿದು ಮನಸ್ಸಿಗೆ ತೀವ್ರ ನೋವಾಗಿದೆ." ಕೆಳಗೆ ಅದೇ ಸಾಲು. ಸದಾ ನಿಮ್ಮ ಸೇವೆಯಲ್ಲಿ. ಅದೇ ಮುಗಿದ ಕೈ.

ಅದಕ್ಕೆ ಅಂಜಿಕೆ ಇರಲಿಲ್ಲ. ಅಪ್ಪಯ್ಯಣ್ಣ ಯಾರು ಅಂತ ಅದಕ್ಕೆ ಗೊತ್ತಿರಲಿಲ್ಲ. ಅದಕ್ಕೆ ನಾಳೆ ಯಾವ ಗೇಟಿನಲ್ಲೂ ಒಳಗೆ ಹೋಗಬೇಕಿರಲಿಲ್ಲ.

ಚೈತ್ರ ಹೆಬ್ಬೆರಳನ್ನು ಸೆರಗಿಗೆ ಒರೆಸಿದಳು. ಒತ್ತಿದಳು. ಹೋಯಿತು.

ಒಣ ಬಟ್ಟೆ ಕೊಟ್ಟು, ದೊಡ್ಡಮ್ಮನಿಗೆ ಸೀರೆ ಸುತ್ತಿ, ಬಾಯಿಗೆ ಎಲೆಅಡಿಕೆ ಇಟ್ಟು ಬಂದು ನೋಡಿದಾಗ ಪೋಸ್ಟಿನ ಕೆಳಗೆ ಜನ ಸಾಲುಗಟ್ಟಿದ್ದರು. ಓಂ ಶಾಂತಿ. ಓಂ ಶಾಂತಿ. ಮುಗಿದ ಕೈ, ಮುಗಿದ ಕೈ. ಒಬ್ಬ, ಬಡವರ ಸಾವಿಗೆ ಮಿಡಿಯುವ ನಿಮ್ಮ ಮನಸ್ಸಿಗೆ ಶರಣು ಅಣ್ಣ ಅಂದಿದ್ದ. ಒಬ್ಬ, ಈ ಸಲ ನೀವೇ ಗೆಲ್ಲೋದು ಅಂದಿದ್ದ. ಇನ್ನೊಬ್ಬ ಬೂದಿಗೆರೆ ಕಡೆ ಸೈಟು ಇದೆಯಾ ಅಂತ ಕೇಳಿದ್ದ. ಹಾರ್ನು ಯಾಕೆ ಕೆಟ್ಟಿತ್ತು ಅಂತ ಒಬ್ಬನೂ ಕೇಳಿರಲಿಲ್ಲ. ಅವರು ಫೋಟೋ ನೋಡಿದ್ದರು. ಓದಿರಲಿಲ್ಲ.

ಮಣ್ಣಿಗೆ ಹೊರಟಾಗ ಪೋಸ್ಟ್ ಇತ್ತು. ತಮಟೆಯವರ ಹಿಂದೆ ಕೆರೆ ಏರಿ ದಾಟುವಾಗ ಸುನಿಲ್ ಫೋನ್ ಮಾಡಿದ. ತಮಟೆಯ ಸದ್ದಿನಲ್ಲಿ ಅವನು ಬಯ್ಯುವುದು ಅವಳಿಗೆ ಪೂರ್ತಿ ಕೇಳಲಿಲ್ಲ. ನಾಳೆ ಬಾ ಅನ್ನುವುದು ಕೇಳಿತು. ಗುಂಡಿಗೆ ಮಣ್ಣು ಎಳೆಯುವ ಹೊತ್ತಿಗೆ ಪೋಸ್ಟ್ ಇರಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ಅಪ್ಪಯ್ಯಣ್ಣನೇ ಕೂತಿದ್ದ. ಬಿಳಿ ಪಂಚೆ, ಬಿಳಿ ಶರಟು. ಸಿಟ್ಟು ಮಾಡಲಿಲ್ಲ. ಬಾಮ್ಮ ಅಂದ. ಕೂತ್ಕೊ ಅಂದ. ಅವಳ ಸ್ಟೂಲಿನ ಮೇಲೆ ಅವನ ಡ್ರೈವರ್ ಕೂತಿದ್ದ. ಅವಳು ನಿಂತಳು. ಗುಡಿಸದ ನೆಲ ಕಾಲಿಗೆ ತಾಗುತ್ತಿತ್ತು. ಅಭ್ಯಾಸಬಲದಿಂದ ಪೊರಕೆ ಎಲ್ಲಿದೆ ಅಂತ ಕಣ್ಣು ಹುಡುಕಿತು.

ಪೋಸ್ಟನ್ನು ಓದಿದವರು ಕೊನೆಗೂ ಇಬ್ಬರೋ ಮೂವರೋ ಇದ್ದರು. ಅಪ್ಪಯ್ಯಣ್ಣನಿಗೆ ಆಗದವರು ಅದರ ಫೋಟೋ ತೆಗೆದುಕೊಂಡು ಹಂಚಿದ್ದರು. ಅವರಿಗೆ ಆದಿಲಕ್ಷ್ಮಮ್ಮನ ಮೇಲೆ ಕನಿಕರವೇನೂ ಇರಲಿಲ್ಲ. ಈಗ ಅಪ್ಪಯ್ಯಣ್ಣನಿಗೆ ಹೊಸ ಪೋಸ್ಟ್ ಬೇಕಿತ್ತು, ಅದನ್ನು ಸತ್ತವಳ ಮನೆಯ ಹುಡುಗಿಯೇ ಒತ್ತಬೇಕಿತ್ತು. ಹುಡುಗಿ ದುಃಖದಲ್ಲಿ ಏನೋ ಒತ್ತಿಬಿಟ್ಟಳು, ಅವಳೇ ಸರಿ ಮಾಡಿದಳು ಅಂತ ಆಗಬೇಕಿತ್ತು. ಅವಳ ಹೆಬ್ಬೆರಳಿನ ಗುರುತು ಮಿಷನ್ನಿನಲ್ಲಿ ಉಳಿಯುತ್ತದೆ. ಯಾರು ಕೇಳಿದರೂ ತೋರಿಸಬಹುದು.

"ಹೃದಯಾಘಾತ ಅಂತ ನಾನು ಹೇಳಿದ್ನಾ? ಸುನಿಲನ್ನ ಕೇಳು," ಅಂದ ಅಪ್ಪಯ್ಯಣ್ಣ.

ಇಲ್ಲ ಅಂದ ಸುನಿಲ್. ನಾವು ಹೆಸರು, ಫೋಟೋ ಕೊಟ್ಟಿದ್ದಷ್ಟೇ ಅಂದ.

"ನೋಡ್ದಾ? ನಾನು ಹೇಳಿಲ್ಲ, ಸುನಿಲ ಹೇಳಿಲ್ಲ. ಮಿಷನ್ ತಾನಾಗೇ ಬರೀತು. ಮನುಷ್ಯ ಸುಳ್ಳು ಹೇಳ್ತಾನಮ್ಮ. ಮಿಷನ್ ಯಾಕೆ ಹೇಳುತ್ತೆ? ಅದಕ್ಕೆ ಜಾತಿನಾ, ಪಾರ್ಟಿನಾ?"

"ಅದು ಏನು ಕೇಳಿದ್ರೂ ಬರೀತದೆ ಅಣ್ಣ," ಅಂದಳು ಚೈತ್ರ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಒಂಬತ್ತನೇ ಕ್ಲಾಸು ಫೇಲಾದವಳನ್ನ ತಂದು ಫೋನು ಕೊಟ್ಟು ಕೂರಿಸಿದ್ದು ನನ್ನ ತಪ್ಪು ಅಂದ ಸುನಿಲ್.

"ಫೇಲಾಗಿರ್ಲಿಲ್ಲ ಸಾರ್. ಬಿಟ್ಟೆ."

ರಮ್ಯಳಿಗೆ ನಗು ಬಂತು. ತಕ್ಷಣ ಕಂಪ್ಯೂಟರಿನ ಕಡೆ ತಿರುಗಿಕೊಂಡಳು.

ಅಪ್ಪಯ್ಯಣ್ಣ ಟೀ ಕುಡಿದು ಲೋಟ ಕೆಳಗಿಟ್ಟ. ನಿಮ್ಮವ್ವನಿಗೂ ಗೋಡೌನಲ್ಲೇ ಅಲ್ವಾ ಕೆಲಸ ಅಂದ. ಆ ಪಕ್ಕದ ಮನೆ ಮುತ್ತಮ್ಮನಿಗೂ ಅಂದ. ನಿಮ್ಮ ಕಾಲೋನಿಯಿಂದ ಎಷ್ಟು ಜನ ಬರ್ತಾರೆ ನಮ್ಮಲ್ಲಿಗೆ ಅಂತ ಲೆಕ್ಕವೇ ಇಟ್ಟಿಲ್ಲ ಕಣಮ್ಮ ಅಂದ. ಎಲ್ಲ ಮೆತ್ತಗೆ ಹೇಳಿದ. ಮನೆಯ ಹಿರಿಯನ ಹಾಗೆ.

ಸುನಿಲ್ ಫೋನನ್ನು ಅವಳ ಮುಂದೆ ಹಿಡಿದ. ಜುಮುಕಿ ಹಾಕಿಕೊಂಡ ಬೆಳ್ಳನೆಯ ದೊಡ್ಡಮ್ಮ. ಹೃದಯಾಘಾತ.

"ಒತ್ತು," ಅಂದ.

"ಒತ್ತಲ್ಲ."

"ಏನಂದೆ?"

"ಒತ್ತಲ್ಲ ಸಾರ್. ಅವಳ ಬೆನ್ನ ನಾನು ತೊಳ್ದಿದ್ದೀನಿ. ತೂತು ತೂತು ಕಂಬದ ಅಚ್ಚು ಬಿದ್ದಿತ್ತು. ಎದೆ ಒಳೀಕೆ ಹೋಗಿತ್ತು. ಹೃದಯಾಘಾತಕ್ಕೆ ಹಂಗಾಗಲ್ಲ. ನಾನು ಒತ್ತಲ್ಲ."

ಅಷ್ಟು ಮಾತನ್ನು ಅವಳು ಆ ಆಫೀಸಿನಲ್ಲಿ ಯಾವತ್ತೂ ಆಡಿರಲಿಲ್ಲ. ಆಡಿದ ಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬೆರಳುಗಳನ್ನು ಮುಷ್ಟಿಯೊಳಗೆ ಮಡಿಸಿ ಇಟ್ಟುಕೊಂಡಳು.

ಸುನಿಲ್ ಎದ್ದು ಬಂದ. ಅವಳ ರಟ್ಟೆ ಹಿಡಿದು ಎಳೆದ. ಮುಷ್ಟಿ ಬಿಡಿಸಿದ. ಚೈತ್ರ ಗೋಡೆಗೆ ಒರಗಿ ಬಿಗಿಯಾಗಿ ನಿಂತಳು. ಅವನು ಗಂಡಸು, ಉಂಡು ಬಂದಿದ್ದ. ಅವಳು ಹಿಂದಿನ ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹೆಬ್ಬೆರಳನ್ನು ಹೊರಗೆ ಎಳೆದು, ಫೋನಿನ ಮೇಲೆ ಇಟ್ಟು ಅದುಮಿದ. ಮೊದಲ ಸಲ ತೆಗೆದುಕೊಳ್ಳಲಿಲ್ಲ, ಬೆರಳು ಬೆವರಿತ್ತು. ಅವಳ ಬೆರಳನ್ನು ಅವಳ ವೇಲಿಗೇ ಒರೆಸಿ ಮತ್ತೆ ಅದುಮಿದ. ಹೋಯಿತು. ಲೋಟ ಹಂಚಿಕೊಳ್ಳದವನು ಅಷ್ಟು ಹೊತ್ತು ಅವಳ ಕೈ ಹಿಡಿದಿದ್ದ.

ಬಿಟ್ಟ ಮೇಲೆ ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿ ಒತ್ತಿ ಕೈಗೆ ಹಚ್ಚಿಕೊಂಡ. ದಿನವೂ ಹಚ್ಚಿಕೊಳ್ಳುತ್ತಿದ್ದ. ಅವತ್ತು ಅವಳು ನೋಡಿದಳು.

ರಮ್ಯ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ಪರದೆಯಲ್ಲಿ ಏನೂ ಇರಲಿಲ್ಲ. ಡ್ರೈವರ್ ಸ್ಟೂಲಿನಿಂದ ಎದ್ದು ಬಾಗಿಲು ಬಿಟ್ಟು ನಿಂತ. ಅಪ್ಪಯ್ಯಣ್ಣ, ಪಾಪ ಮನೆಗೆ ಹೋಗಮ್ಮ ಅಂದ. ನಾಳೆಯಿಂದ ಬರಬೇಡ ಅಂತ ಸುನಿಲ್ ಹೇಳಲಿಲ್ಲ, ಫೋನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ. ಅವಳು ಮೆಟ್ಟಿಲು ಇಳಿದಳು. ರಟ್ಟೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿತ್ತು. ಬಸ್ಸಿನಲ್ಲಿ ವೇಲು ಹೊದ್ದುಕೊಂಡು ಕೂತಳು.

ಅವಳು ಮನೆ ಮುಟ್ಟುವ ಮುಂಚೆ ಪೋಸ್ಟ್ ಕಾಲೋನಿ ಮುಟ್ಟಿತ್ತು. ಹೊಸಕೋಟೆ ಕಡೆಯಿಂದ ಬಂದ ನೆಂಟರು ಜಗುಲಿ ಮೇಲೆ ಕೂತು ಫೋನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎಷ್ಟು ಲಕ್ಷಣವಾಗಿ ಕಾಣ್ತಾಳೆ ಅಂದರು. ದೊಡ್ಡ ಮನುಷ್ಯ ನಮ್ಮವಳ ಫೋಟೋ ಹಾಕಿದ್ದಾನಲ್ಲ ಅಂದರು. ಒಬ್ಬಳು, ಹೋದ ಹಬ್ಬದಲ್ಲೇ ಆದಿಲಕ್ಷ್ಮಿ ಎದೆ ಹಿಡ್ಕೊಂಡು ಕೂತಿದ್ಳು, ನಾನೇ ಕಂಡೆ ಅಂದಳು. ಇನ್ನೊಬ್ಬ, ಹೌದು ಹೌದು, ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತಿದ್ಳು ಅಂದ. ನೋಡುನೋಡುತ್ತಾ ಎಲ್ಲರಿಗೂ ಏನೇನೋ ನೆನಪಾಯಿತು.

ಚೈತ್ರ ಅವ್ವನನ್ನು ಒಳಗೆ ಕರೆದು ರಟ್ಟೆ ತೋರಿಸಿದಳು. ಆಫೀಸಿನಲ್ಲಿ ಆದದ್ದನ್ನು ಹೇಳಿದಳು. ಈಗಲೇ ಠಾಣೆಗೆ ಹೋದರೆ ಗುಂಡಿ ತೆಗೆಸಿ ನೋಡುತ್ತಾರೆ ಅಂದಳು. ಆ ಅಚ್ಚು ಇನ್ನೂ ಬೆನ್ನ ಮೇಲೆ ಇರುತ್ತೆ. ದಿನ ಕಳೆದರೆ ಮಣ್ಣು ತಿಂದುಬಿಡುತ್ತೆ. ಆಮೇಲೆ ಆ ಪೋಸ್ಟ್ ಬಿಟ್ಟರೆ ಬೇರೆ ಏನೂ ಉಳಿಯಲ್ಲ. ಅಂಥ ಬಂಡಿಗೆ ನಾಳೆ ನೀನೇ ಸಿಕ್ಕಬಹುದು ಅಂದಳು.

ಮುನಿವೆಂಕಟಮ್ಮ ಮಗಳ ರಟ್ಟೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಬಹಳ ಹೊತ್ತು ಹಚ್ಚಿದಳು.

"ಹಂಗೂ ಇರ್ಬೋದೇನೋ ಮಗ," ಅಂದಳು. "ಎದೆನೋವು ಬಂದು ಬಿದ್ದಿರ್ಬೋದು. ಬಿದ್ಮೇಲೆ ಗುದ್ದಿರ್ಬೋದು."

ಬೆನ್ನು ಉಜ್ಜಿದ ಕೈ ಅದು. ಚೈತ್ರ ಆ ಕೈಯನ್ನು ನೋಡಿದಳು. ಸಿಟ್ಟು ಬರಲಿಲ್ಲ. ಬರುವುದಕ್ಕೂ ಮೈಯಲ್ಲಿ ಏನಾದರೂ ಇರಬೇಕು.

ಮೂರನೆಯ ದಿನ ಹಾಲುತುಪ್ಪ. ಬೆಳಿಗ್ಗೆ ಎಲ್ಲರೂ ಗುಂಡಿಯ ಹತ್ತಿರ ಹೋದರು. ಕಾಲೋನಿಯ ಮಸಣ ಕೆರೆಯ ಹಿಂಭಾಗದಲ್ಲಿ, ಎಕ್ಕದ ಗಿಡಗಳ ನಡುವೆ. ಮಣ್ಣು ಇನ್ನೂ ಹಸಿಯಾಗಿತ್ತು. ತಲೆಯ ಕಡೆ ಕಲ್ಲಿಟ್ಟು ಹಾಲು ಬಿಟ್ಟರು, ತುಪ್ಪ ಬಿಟ್ಟರು. ಬಾಳೆಲೆಯಲ್ಲಿ ಮುದ್ದೆ, ಹುರುಳಿ ಸಾರು, ಬೋಂಡ, ಎಲೆಅಡಿಕೆ ಇಟ್ಟರು. ಅವಳಿಗೆ ಇಷ್ಟ ಅಂತ ಒಂದು ಲೋಟ ಟೀ ಇಟ್ಟರು.

ಅಷ್ಟರಲ್ಲಿ ಕಾರು ಬಂತು. ಅಪ್ಪಯ್ಯಣ್ಣ ಇಳಿದ. ಹಿಂದಿನಿಂದ ರಮ್ಯ ಫೋನು ಎತ್ತಿ ಹಿಡಿದುಕೊಂಡು ಇಳಿದಳು. ಜನ ದಾರಿ ಬಿಟ್ಟರು. ಹಿರಿಯರು ಟವಲು ಹೆಗಲಿಂದ ತೆಗೆದು ಕಂಕುಳಿಗೆ ಹಾಕಿಕೊಂಡರು. ಆ ಮಸಣಕ್ಕೆ ಊರೊಳಗಿನ ಗೌಡರು ಯಾರೂ ಅದುವರೆಗೆ ಕಾಲಿಟ್ಟಿರಲಿಲ್ಲ. ಅಪ್ಪಯ್ಯಣ್ಣ ಚಪ್ಪಲಿ ಬಿಟ್ಟು ಗುಂಡಿಗೆ ಹಾರ ಹಾಕಿದ. ಕೈ ಮುಗಿದು ಕಣ್ಣು ಮುಚ್ಚಿದ. ರಮ್ಯ ಇನ್ನೊಂದು ಕಡೆಯಿಂದ ಬೇಕು ಅಂದಾಗ ಮತ್ತೆ ಹಾರ ಎತ್ತಿ ಮತ್ತೆ ಹಾಕಿದ. ಮುನಿವೆಂಕಟಮ್ಮನ ತಲೆ ಮೇಲೆ ಕೈ ಇಟ್ಟ. ಮುನಿವೆಂಕಟಮ್ಮ ಅತ್ತಳು. ಅದನ್ನೂ ರಮ್ಯ ತೆಗೆದುಕೊಂಡಳು. ಫೋನು ಇಳಿಸುವಾಗ ರಮ್ಯಳಿಗೆ ಚೈತ್ರ ಕಂಡಳು. ಊಟ ಆಯ್ತಾ ಅಂತ ಕೇಳಿದಳು. ಬೇರೆ ಏನು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಚೈತ್ರ ತಲೆಯಾಡಿಸಿದಳು.

ಕಾರು ಹೋಯಿತು. ಧೂಳು ಇಳಿಯಿತು.

ಎಡೆಯನ್ನು ಕಾಗೆ ಮುಟ್ಟಬೇಕು. ಅದು ಬರಲಿ ಅಂತ ಎಲ್ಲರೂ ದೂರ ಸರಿದು ಬೇವಿನ ಮರದ ಕೆಳಗೆ ನಿಂತರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಚೈತ್ರ ಮಾತ್ರ ಗುಂಡಿಯ ಹತ್ತಿರವೇ ಉಳಿದಳು. ಅಲ್ಲಿ ನಿಂತರೆ ಕಾಗೆ ಬರಲ್ಲ, ಈಚೆ ಬಾ ಅಂತ ಯಾರೋ ಕರೆದರು. ಅವಳು ಬರಲಿಲ್ಲ. ತಿರುಗಿ ನಿಂತಳು. ಅಷ್ಟು ಜನರ ಮುಖವನ್ನು ಒಟ್ಟಿಗೆ ಅವಳು ಯಾವತ್ತೂ ನೇರವಾಗಿ ನೋಡಿರಲಿಲ್ಲ.

ದೊಡ್ಡಮ್ಮನಿಗೆ ಎದೆನೋವು ಬಂದಿರಲಿಲ್ಲ ಅಂದಳು. ಬಂಡಿ ಗುದ್ದಿ ಸತ್ತಳು ಅಂದಳು. ಆ ಪೋಸ್ಟಿಗೆ ತನ್ನ ಬೆರಳನ್ನು ಹಿಡಿದು ಒತ್ತಿಸಿದರು ಅಂದಳು, ವೇಲು ಸರಿಸಿ ರಟ್ಟೆ ತೋರಿಸಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಬ್ಬಳೇ ಹೋದರೆ ಠಾಣೆಯಲ್ಲಿ ಹುಡುಗಿ ಅಂತ ವಾಪಸ್ ಕಳಿಸುತ್ತಾರೆ ಅಂದಳು. ಗುಡಿಸಲು ಹೋದ ಎಲ್ಲರೂ ಆ ಬಂಡಿಯನ್ನು ನೋಡಿದ್ದೀರಿ ಅಂದಳು. ಅದು ಇವತ್ತೂ ಹಾರ್ನು ಇಲ್ಲದೆ ಓಡುತ್ತಿದೆ ಅಂದಳು.

ಹೊಸಕೋಟೆಯ ನೆಂಟ ಬೀಡಿ ಹಚ್ಚಿದ. ಮುತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆರೆಯ ಕಡೆ ನೋಡುತ್ತಿದ್ದಳು. ಮುನಿವೆಂಕಟಮ್ಮ ಕೂತುಬಿಟ್ಟಳು.

"ಹನ್ನೊಂದು ಗಂಟೆ ಬಸ್ಸಿಗೆ ಹೋಗ್ತೀನಿ," ಅಂದಳು ಚೈತ್ರ. "ಯಾರಾದ್ರೂ ಒಬ್ರು ನನ್ನ ಜೊತೆ ಬನ್ನಿ."